ಯೂಬಿ ಬ್ಲೇಕ್ ಪ್ರಕರಣ: ನೂರು ತುಂಬಿದ್ದು ಯಾರ ಲೆಕ್ಕದಲ್ಲಿ?

1983ರ ಫೆಬ್ರವರಿ 7. ನ್ಯೂಯಾರ್ಕಿನಲ್ಲಿ ಒಬ್ಬ ಪಿಯಾನೋ ವಾದಕರ ನೂರನೇ ಹುಟ್ಟುಹಬ್ಬ. ಊರೆಲ್ಲ ಸಂಭ್ರಮ. ಆದರೆ ಹುಟ್ಟುಹಬ್ಬದ ಯಜಮಾನರೇ ಹುಷಾರಿಲ್ಲದೆ ಮಲಗಿದ್ದರು, ಸಮಾರಂಭಕ್ಕೆ ಹೋಗಲಾಗಲಿಲ್ಲ. ಐದು ದಿನ ಕಳೆದು, ಫೆಬ್ರವರಿ 12ರಂದು, ಬ್ರೂಕ್ಲಿನ್‌ನಲ್ಲಿ ತೀರಿಕೊಂಡರು. ನೂರು ವರ್ಷ, ಐದು ದಿನ. ಪತ್ರಿಕೆಗಳಿಗೆ ಇದಕ್ಕಿಂತ ಚೆಂದದ ಸುದ್ದಿ ಬೇಕೇ?

ಹೆಸರು ಜೇಮ್ಸ್ ಹ್ಯೂಬರ್ಟ್ ಬ್ಲೇಕ್. ಹ್ಯೂಬರ್ಟ್ ಅನ್ನೋದು ಸವೆದು ಸವೆದು ಯೂಬಿ ಆಯಿತು. ಲೋಕಕ್ಕೆಲ್ಲ ಅವರು ಯೂಬಿ ಬ್ಲೇಕ್.

ಕತೆ ಚೆನ್ನಾಗಿತ್ತು, ಲೆಕ್ಕ ಮಾತ್ರ ತಪ್ಪಿತ್ತು. ಆಮೇಲೆ ಸಂಗೀತದ ಇತಿಹಾಸ ಕೆದಕುವವರು ಸರ್ಕಾರಿ ಕಾಗದಗಳನ್ನು ತೆಗೆದು ನೋಡಿದರು. 1900ರ ಜನಗಣತಿ, ಮೊದಲ ಮಹಾಯುದ್ಧದ ಕಾಲದ ಸೇನಾ ನೋಂದಣಿ, 1920ರ ಪಾಸ್‌ಪೋರ್ಟ್ ಅರ್ಜಿ, 1936ರ ಸೋಶಿಯಲ್ ಸೆಕ್ಯುರಿಟಿ ಅರ್ಜಿ. ಎಲ್ಲದರಲ್ಲೂ ಹುಟ್ಟಿದ ವರ್ಷ 1887. ಅಂದರೆ ತೀರಿಕೊಂಡಾಗ ವಯಸ್ಸು 96. ನಾಲ್ಕು ವರ್ಷ ಎಲ್ಲಿಂದಲೋ ಬಂದು ಸೇರಿಕೊಂಡಿದ್ದವು.

ನಮ್ಮಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಖೇ ಹುಟ್ಟಿದ ತಾರೀಖಾದವರು ಮನೆಗೊಬ್ಬರು ಸಿಗುತ್ತಾರೆ. ಹಾಗಾಗಿ ಇದರಲ್ಲೇನು ದೊಡ್ಡ ವಿಷಯ ಅನ್ನಿಸಬಹುದು. ಮಾಮೂಲಿ ಮನುಷ್ಯನಾಗಿದ್ದರೆ ಏನೂ ಇಲ್ಲ. ಆದರೆ ಬ್ಲೇಕ್ ಒಬ್ಬ ಸಾಕ್ಷಿ. ರ‍್ಯಾಗ್‌ಟೈಮ್ ಅನ್ನೋ ಸಂಗೀತ ಹುಟ್ಟಿ ಬೆಳೆದ ಕಾಲವನ್ನು ಕಣ್ಣಾರೆ ಕಂಡು, ಕೈಯಾರೆ ನುಡಿಸಿ, ಅದನ್ನು ಹೇಳುವುದಕ್ಕೆ ಕೊನೆವರೆಗೂ ಉಳಿದಿದ್ದವರು ಬೆರಳೆಣಿಕೆಯಷ್ಟು ಜನ. ಸಾಕ್ಷಿಯೇ ನಾಲ್ಕು ವರ್ಷ ಆಚೀಚೆ ಹೇಳಿದರೆ ಉಳಿದ ಹೇಳಿಕೆಯನ್ನು ಎಷ್ಟು ನಂಬಬೇಕು? ಈ ಪ್ರಕರಣವನ್ನು ನಾನು ಆ ಕಡೆಯಿಂದ ನೋಡುತ್ತೇನೆ.

ಮೊದಲು ರ‍್ಯಾಗ್‌ಟೈಮ್ ಏನು ಅಂತ ಸ್ವಲ್ಪ. ನಮ್ಮ ರಾಗಕ್ಕೂ ಈ ರ‍್ಯಾಗ್‌ಗೂ ಸಂಬಂಧವಿಲ್ಲ. ಬಟ್ಟೆ ಚಿಂದಿ ಆಗುತ್ತಲ್ಲ, ಹಾಗೆ ತಾಳವನ್ನು ಚಿಂದಿ ಮಾಡಿ ನುಡಿಸುವುದು ಅಂತ ಹೆಸರಿನ ಅರ್ಥ ಹೇಳುತ್ತಾರೆ. ಪಿಯಾನೋ ಮೇಲೆ ಎಡಗೈ ಮೆರವಣಿಗೆಯ ಬ್ಯಾಂಡಿನ ಹಾಗೆ ನೇರ ನಡೆಯುತ್ತದೆ. ಕೆಳಗೊಂದು ದಪ್ಪ ಸ್ವರ, ಮೇಲೊಂದು ಸ್ವರಗುಚ್ಛ, ಮತ್ತೆ ಕೆಳಗೆ, ಮತ್ತೆ ಮೇಲೆ. ಅದು ತಪ್ಪುವ ಹಾಗಿಲ್ಲ. ಬಲಗೈ ಮಾತ್ರ ತಾಳದ ಜೊತೆ ಕಳ್ಳಾಟ ಆಡುತ್ತದೆ. ಪೆಟ್ಟು ಬೀಳಬೇಕಾದ ಜಾಗಕ್ಕಿಂತ ಒಂದು ಚೂರು ಮೊದಲು, ಇಲ್ಲ ಒಂದು ಚೂರು ಆಮೇಲೆ. ಕರ್ನಾಟಕ ಸಂಗೀತ ಕೇಳುವವರಿಗೆ ಅತೀತ, ಅನಾಗತ ಎಡುಪು ಗೊತ್ತಿರುತ್ತದೆ. ಆ ಎಳೆದಾಟ ಸಾಲುಸಾಲಾಗಿ, ನಿಲ್ಲದೆ, ಜೋರಾಗಿ ಬಂದರೆ ಹೇಗಿರುತ್ತೋ ಹಾಗೆ. ಕಾಲು ತಾನಾಗಿ ಕುಣಿಯುತ್ತದೆ.

ಇದನ್ನು ಕಟ್ಟಿದವರು ಅಮೆರಿಕದ ಕಪ್ಪು ಜನ. ನುಡಿಸಿದ್ದು ಸಲೂನು ಅಂತ ಕರೆಯುತ್ತಿದ್ದ ಹೆಂಡದಂಗಡಿಗಳಲ್ಲಿ, ಜೂಜಿನ ಅಡ್ಡೆಗಳಲ್ಲಿ, ಸೂಳೆಗೇರಿಗಳಲ್ಲಿ. ಸಭ್ಯರ ಸಭೆಗೆ ಅವರನ್ನು ಯಾರು ಬಿಡುತ್ತಿದ್ದರು? ಸ್ಕಾಟ್ ಜಾಪ್ಲಿನ್ ಥರದ ಕೆಲವರು ಬರೆದು ಅಚ್ಚು ಹಾಕಿಸಿದರು. ಆದರೆ ಬಾಲ್ಟಿಮೋರ್, ಫಿಲಡೆಲ್ಫಿಯಾ, ನ್ಯೂಯಾರ್ಕ್ ಕಡೆಯ ವಾದಕರಲ್ಲಿ ಬಹಳ ಜನ ಏನನ್ನೂ ಬರೆದಿಡಲಿಲ್ಲ. ರೆಕಾರ್ಡ್ ಮಾಡಲಿಕ್ಕೆ ಯಾರೂ ಕರೆಯಲಿಲ್ಲ. ಸತ್ತರು, ಅವರ ಜೊತೆ ಸಂಗೀತವೂ ಹೋಯಿತು. ಒಬ್ಬ ಮನುಷ್ಯನ ಆಯಸ್ಸಿಗೆ ಇಲ್ಲಿ ಇಷ್ಟು ಬೆಲೆ ಬಂದದ್ದು ಆ ಕಾರಣಕ್ಕೆ.

ಬ್ಲೇಕ್ ಹುಟ್ಟಿದ್ದು ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್‌ನಲ್ಲಿ. ಅಪ್ಪ ಜಾನ್, ಅಮ್ಮ ಎಮಿಲಿ. ಇಬ್ಬರೂ ಗುಲಾಮಗಿರಿಯಲ್ಲಿ ಹುಟ್ಟಿ ಬಿಡುಗಡೆಯಾದವರು. ಅಪ್ಪ ಬಂದರಿನಲ್ಲಿ ಹಡಗಿನ ಸಾಮಾನು ಹೊರುತ್ತಿದ್ದ. ಅಮ್ಮ ಬೇರೆಯವರ ಮನೆ ಬಟ್ಟೆ ಒಗೆಯುತ್ತಿದ್ದಳು. ಎಂಟು ಮಕ್ಕಳಲ್ಲಿ ಉಳಿದದ್ದು ಈತ ಒಬ್ಬನೇ. ಉಳಿದ ಏಳೂ ಹಸುಗೂಸಿನಲ್ಲೇ ಹೋದವು.

ನಾಲ್ಕೋ ಐದೋ ವರ್ಷದ ಹುಡುಗ ಅಮ್ಮನ ಜೊತೆ ಪೇಟೆಗೆ ಹೋದಾಗ ಕೈ ತಪ್ಪಿಸಿಕೊಂಡು ಸಂಗೀತದ ಅಂಗಡಿಯೊಳಗೆ ನುಗ್ಗಿದ. ಅಲ್ಲಿದ್ದ ಆರ್ಗನ್ನಿನ ಮುಂದೆ ಹತ್ತಿ ಕೂತು ಬಾರಿಸತೊಡಗಿದ. ನಮ್ಮ ನಾಟಕ ಕಂಪನಿಗಳ ಲೆಗ್ ಹಾರ್ಮೋನಿಯಂ ನೋಡಿದವರಿಗೆ ಇದು ಗೊತ್ತಾಗುತ್ತದೆ: ಕಾಲಲ್ಲಿ ಒತ್ತಿ ಗಾಳಿ ತುಂಬುತ್ತಾ, ಕೈಯಲ್ಲಿ ನುಡಿಸುವ ಪೆಟ್ಟಿಗೆ. ಅಂಗಡಿಯವನಿಗೆ ವ್ಯಾಪಾರದ ವಾಸನೆ ಬಂತು. ಈ ಮಗುವಿಗೆ ದೇವರು ಕೊಟ್ಟ ವಿದ್ಯೆ ಇದೆ, ತಡೆಯಬೇಡಿ ಅಂತ ಅಮ್ಮನ ಹಿಂದೆ ಬಿದ್ದ. ಬೆಲೆ 75 ಡಾಲರ್. ವಾರಕ್ಕೆ 25 ಸೆಂಟ್ ಕಂತು. ನೀವೇ ಲೆಕ್ಕ ಹಾಕಿ, ಬಡ್ಡಿ ಬಿಟ್ಟರೂ 300 ವಾರ. ಬಟ್ಟೆ ಒಗೆಯುವ ಹೆಂಗಸು ಸುಮಾರು ಆರು ವರ್ಷದ ಸಾಲಕ್ಕೆ ಒಪ್ಪಿಕೊಂಡಳು. ಈ ಇಡೀ ಕತೆಯಲ್ಲಿ ಅಷ್ಟು ದೊಡ್ಡ ಹೂಡಿಕೆ ಮಾಡಿದವರು ಇನ್ನೊಬ್ಬರಿಲ್ಲ ಅಂತ ನನಗನ್ನಿಸುತ್ತದೆ.

ಆಕೆ ಕೊಡಿಸಿದ್ದು ದೇವರ ಹಾಡು ನುಡಿಸಲಿ ಅಂತ. ಪಕ್ಕದ ಮನೆಯ ಮಾರ್ಗರೆಟ್ ಮಾರ್ಷಲ್, ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು, ಪಾಠ ಹೇಳಿಕೊಟ್ಟರು. ಹುಡುಗ ಕಲಿತ. ಆದರೆ ಸ್ತೋತ್ರಗೀತೆಗಳಿಗೂ ಬೀದಿಯಲ್ಲಿ ಕೇಳಿದ ವಕ್ರ ತಾಳ ಸೇರಿಸತೊಡಗಿದ. ಆ ಹಾಳು ರ‍್ಯಾಗ್‌ಟೈಮ್ ನನ್ನ ಮನೆಯಲ್ಲಿ ಬೇಡ ಅಂತ ಅಮ್ಮ ಗದರಿದ್ದನ್ನು ಬ್ಲೇಕ್ ಮುದುಕರಾದ ಮೇಲೂ ನಗುತ್ತಾ ಹೇಳುತ್ತಿದ್ದರು. ಅದಕ್ಕೊಂದು ಹೆಸರಿದೆ ಅಂತ ತನಗೆ ಗೊತ್ತಾದದ್ದೇ ಆ ಬೈಗುಳದಿಂದ ಅನ್ನುತ್ತಿದ್ದರು.

ಹದಿನೈದರ ಹೊತ್ತಿಗೆ ಕಿಟಕಿ ಹಾರಿ ರಾತ್ರಿ ಹೊರಗೆ ಹೋಗಲು ಶುರು. ಹೋಗುತ್ತಿದ್ದದ್ದು ಆ್ಯಗಿ ಶೆಲ್ಟನ್ ಎಂಬಾಕೆ ನಡೆಸುತ್ತಿದ್ದ ವೇಶ್ಯಾಗೃಹಕ್ಕೆ, ಪಿಯಾನೋ ನುಡಿಸಲು. ಹುಡುಗನಿಗೆ ಇನ್ನೂ ಮೊಣಕಾಲಿನವರೆಗಿನ ಚಡ್ಡಿ. ಅಂಥ ಜಾಗಕ್ಕೆ ಚಡ್ಡಿಯಲ್ಲಿ ಹೋದರೆ ಒಳಗೆ ಬಿಡುತ್ತಾರಾ? ಉದ್ದ ಪ್ಯಾಂಟನ್ನು ರಾತ್ರಿಗೆ 25 ಸೆಂಟ್ ಬಾಡಿಗೆ ಕೊಟ್ಟು ತರುತ್ತಿದ್ದ. ಅಮ್ಮ ಒಂದು ವಾರ ಕಟ್ಟುತ್ತಿದ್ದ ಆರ್ಗನ್ ಕಂತು ಮಗನ ಒಂದು ರಾತ್ರಿಯ ಪ್ಯಾಂಟಿನ ಬಾಡಿಗೆ.

ಸಿಕ್ಕಿಬಿದ್ದದ್ದು ಸಂಗೀತದಿಂದಲೇ. ದಾರಿಯಲ್ಲಿ ಹೋಗುತ್ತಿದ್ದ ನೆರೆಯಾಕೆಯೊಬ್ಬಳು ಆ ಮನೆಯೊಳಗಿನ ಪಿಯಾನೋ ಕೇಳಿ, ಇದು ಎಮಿಲಿಯ ಮಗನ ಎಡಗೈಯೇ ಅಂತ ಗುರುತು ಹಿಡಿದಳು. ತೊನೆದಾಡುವ ಆ ಬಾಸ್, ಅಂದರೆ ಕೆಳಗಿನ ದಪ್ಪ ಸ್ವರಗಳ ನಡೆ, ಅವನದೇ. ಚಾಡಿ ಮನೆಗೆ ಬಂತು. ಅಮ್ಮ ಉರಿದಳು. ಅಪ್ಪನನ್ನು ಹುಡುಗ ಪಕ್ಕಕ್ಕೆ ಕರೆದು, ನೆಲಹಾಸಿನ ಕೆಳಗೆ ಬಚ್ಚಿಟ್ಟಿದ್ದ ದುಡ್ಡು ತೋರಿಸಿದ. ಬಂದರಿನ ಕೂಲಿ ಅಷ್ಟು ದುಡ್ಡನ್ನು ಒಟ್ಟಿಗೆ ನೋಡಿರಲಿಲ್ಲ. ನಿಮ್ಮಮ್ಮನ ಹತ್ತಿರ ನಾನು ಮಾತಾಡುತ್ತೇನೆ ಅಂದ. ಅಲ್ಲಿಗೆ ವೃತ್ತಿ ಶುರುವಾಯಿತು.

ಈಗ ಲೆಕ್ಕಕ್ಕೆ ಬರೋಣ. 1883ರಲ್ಲಿ ಹುಟ್ಟಿದರೆ ಹದಿನೈದು ತುಂಬಿದ್ದು 1898ರಲ್ಲಿ. 1887 ಆದರೆ 1902ರಲ್ಲಿ. ಈ ನಡುವೆ ಬರುತ್ತದೆ ಅವರ ಅತಿ ಹೆಸರುವಾಸಿ ಪಿಯಾನೋ ಕೃತಿ 'ಚಾರ್ಲ್ಸ್‌ಟನ್ ರ‍್ಯಾಗ್'. ಅದನ್ನು 1899ರಲ್ಲಿ ಕಟ್ಟಿದೆ ಅಂತ ಬ್ಲೇಕ್ ಹೇಳುತ್ತಿದ್ದರು. ಅವರ ಲೆಕ್ಕದಲ್ಲಿ ಆಗ ಹದಿನಾರು ವರ್ಷ. ಕಾಗದದ ಲೆಕ್ಕದಲ್ಲಿ ಹನ್ನೆರಡು.

ಆ ತುಣುಕನ್ನು ಕೇಳಿದವರಿಗೆ ಹನ್ನೆರಡು ಅನ್ನೋದು ಸ್ವಲ್ಪ ಕಷ್ಟದ ಮಾತು. ಶುರುವಿನಲ್ಲೇ ಎಡಗೈ ಮೆಟ್ಟಿಲಿಳಿದ ಹಾಗೆ ದಡದಡ ಇಳಿಯುತ್ತದೆ. ಚಿಕ್ಕ ಕೈಗೆ ಆಗುವ ಕೆಲಸ ಅಲ್ಲ. ಬ್ಲೇಕ್ ಅವರ ಬೆರಳುಗಳು ಅಸಾಧ್ಯ ಉದ್ದ. ಒಂದು ಸ್ಥಾಯಿ ದಾಟಿ ಮುಂದಿನ ಸ್ಥಾಯಿಯ ಪಂಚಮದವರೆಗೆ ಒಂದೇ ಕೈ ಚಾಚುತ್ತಿತ್ತು. ಆದರೆ ಹನ್ನೆರಡನೇ ವಯಸ್ಸಿಗೇ ಹಾಗಿತ್ತೇ? ನನ್ನ ಊಹೆ ಏನೆಂದರೆ, ಹದಿನಾರನೇ ವಯಸ್ಸಿನಲ್ಲಿ ಕಟ್ಟಿದೆ ಅನ್ನೋದು ನಿಜ ಇರಬಹುದು. ಹಾಗಾದರೆ ವರ್ಷ 1903. ಮನುಷ್ಯ ತಾರೀಖು ಮರೆಯುತ್ತಾನೆ, ಯಾವ ವಯಸ್ಸಲ್ಲಿ ಏನು ಮಾಡಿದೆ ಅನ್ನೋದನ್ನು ಅಷ್ಟು ಸುಲಭಕ್ಕೆ ಮರೆಯುವುದಿಲ್ಲ.

ಗಟ್ಟಿ ಪುರಾವೆ ಸಿಗುವುದು ಆಮೇಲೆ. ಸ್ವರಲಿಪಿ ಬರೆಯಲು ಕಲಿತು ಆ ಕೃತಿಯನ್ನು ಕಾಗದಕ್ಕಿಳಿಸಿದ್ದು 1915ರಲ್ಲಿ. 1917ರಲ್ಲಿ ಪಿಯಾನೋ ರೋಲ್ ಬಂತು, ಅಂದರೆ ತೂತು ಹೊಡೆದ ಕಾಗದದ ಸುರುಳಿ, ಯಂತ್ರದ ಪಿಯಾನೋ ಅದನ್ನು ತಾನೇ ನುಡಿಸುತ್ತದೆ. 1921ರಲ್ಲಿ ಎಮರ್ಸನ್ ಕಂಪನಿಗೆ ಡಿಸ್ಕ್ ರೆಕಾರ್ಡ್ ಆಯಿತು, 'ಸೌಂಡ್ಸ್ ಆಫ್ ಆಫ್ರಿಕಾ' ಅನ್ನೋ ಹೆಸರಲ್ಲಿ. ಅಚ್ಚಾಗಿ ಹೊರಬಂದ ಮೊದಲ ರ‍್ಯಾಗ್‌ಗಳು ಬೇರೆ: 'ಚೆವಿ ಚೇಸ್' ಮತ್ತು 'ಫಿಜ್ ವಾಟರ್', ಎರಡೂ 1914.

1907ರಲ್ಲಿ ಬ್ಲೇಕ್‌ಗೆ ಒಳ್ಳೆ ಕೆಲಸ ಸಿಕ್ಕಿತು. ಕೊಟ್ಟವರು ಜೋ ಗ್ಯಾನ್ಸ್, ಬಾಲ್ಟಿಮೋರಿನವರೇ ಆದ ವಿಶ್ವ ಚಾಂಪಿಯನ್ ಬಾಕ್ಸರ್. ನೆವಾಡಾದ ಗೋಲ್ಡ್‌ಫೀಲ್ಡಿನಲ್ಲಿ 1906ರಲ್ಲಿ 42 ಸುತ್ತು ಕಾದಾಡಿ ಗೆದ್ದ ದುಡ್ಡಿನ ನೆನಪಿಗೆ ಊರಲ್ಲಿ ಗೋಲ್ಡ್‌ಫೀಲ್ಡ್ ಹೋಟೆಲ್ ತೆರೆದಿದ್ದರು. ಕಪ್ಪು ಬಿಳಿ ಎರಡೂ ಬಣ್ಣದವರು ಬರುತ್ತಿದ್ದ ಜಾಗ, ಆ ಊರಿಗೆ ಅದು ಹೊಸದು. ಬ್ಲೇಕ್ ಅಲ್ಲಿ ಪಿಯಾನೋ ವಾದಕ. 1910ರಲ್ಲಿ ಏವಿಸ್ ಲೀ ಎಂಬಾಕೆಯನ್ನು ಮದುವೆಯಾದರು. ಬೇಸಗೆಯಲ್ಲಿ ಅಟ್ಲಾಂಟಿಕ್ ಸಿಟಿಯ ಕಡಲತೀರದ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದರು.

ಈ ವರ್ಷಗಳಲ್ಲಿ ಅವರು ಕೇಳಿದವರ ಪಟ್ಟಿಯೇ ನನಗೆ ಈ ಪ್ರಕರಣದ ಜೀವ. ಜೆಸ್ಸಿ ಪಿಕೆಟ್, 'ದಿ ಡ್ರೀಮ್' ಅನ್ನೋ ತನ್ನ ತುಣುಕನ್ನು ಬ್ಲೇಕ್‌ಗೆ ಕಲಿಸಿದವರು. ವಿಲಿಯಂ ಟರ್ಕ್, ದೈತ್ಯ ದೇಹದವರು, ಅವರ ಎಡಗೈಯನ್ನು ಬ್ಲೇಕ್ ದೇವರ ಕೈಗೆ ಹೋಲಿಸುತ್ತಿದ್ದರು. ಒಂಟಿಕಾಲಿನ ವಿಲ್ಲಿ ಜೋಸೆಫ್, ಶಾಸ್ತ್ರೀಯವಾಗಿ ಕಲಿತಿದ್ದರೂ ಬಣ್ಣದ ಕಾರಣಕ್ಕೆ ಕಚೇರಿ ವೇದಿಕೆ ಸಿಗದೆ ಸಲೂನಿಗೆ ಬಂದವರು. ತಾನು ಕೇಳಿದವರಲ್ಲೆಲ್ಲ ಅವರೇ ಮೇಲು ಅಂತ ಬ್ಲೇಕ್ ಅನ್ನುತ್ತಿದ್ದರು. ಈ ಮೂವರ ಒಂದು ರೆಕಾರ್ಡೂ ಇಲ್ಲ. ಅವರು ಇದ್ದರು ಅನ್ನೋದು ನಮಗೆ ತಿಳಿದಿರುವುದು ಹೆಚ್ಚಾಗಿ ಬ್ಲೇಕ್ ಥರದವರ ಬಾಯಿಂದ. ಜಾಪ್ಲಿನ್ ಅವರನ್ನೂ ಬ್ಲೇಕ್ ಒಮ್ಮೆ ಕೇಳಿದ್ದರು, ಕಾಯಿಲೆ ಜೋರಾಗಿದ್ದ ಕಾಲದಲ್ಲಿ. ತನ್ನದೇ 'ಮೇಪಲ್ ಲೀಫ್ ರ‍್ಯಾಗ್' ಅನ್ನು ಜಾಪ್ಲಿನ್ ತಡವರಿಸಿಕೊಂಡು ನುಡಿಸಿದ್ದನ್ನು ನೋಡಲಾಗಲಿಲ್ಲ ಅಂತ ಹೇಳಿಕೊಂಡಿದ್ದಾರೆ. ಜಾಪ್ಲಿನ್ 1917ರಲ್ಲಿ ಹೋದರು.

1915ರಲ್ಲಿ ಬಾಲ್ಟಿಮೋರಿನಲ್ಲೇ ನೋಬಲ್ ಸಿಸ್ಸಲ್ ಎಂಬ ಗಾಯಕ ಸಿಕ್ಕರು. ಪರಿಚಯವಾದ ಕೂಡಲೇ ಜೋಡಿ ಕೂಡಿತು: ಸಾಹಿತ್ಯ ಸಿಸ್ಸಲ್, ಸಂಗೀತ ಬ್ಲೇಕ್. ಮೊದಲ ಹಾಡನ್ನೇ ಆಗಿನ ದೊಡ್ಡ ಗಾಯಕಿ ಸೋಫಿ ಟಕರ್ ಎತ್ತಿಕೊಂಡರು. ಇಬ್ಬರೂ ನ್ಯೂಯಾರ್ಕಿನಲ್ಲಿ ಜೇಮ್ಸ್ ರೀಸ್ ಯೂರೋಪ್ ಅವರ ತಂಡ ಸೇರಿದರು. ಶ್ರೀಮಂತ ಬಿಳಿಯರ ಪಾರ್ಟಿಗಳಿಗೆ ಕಪ್ಪು ವಾದಕರನ್ನು ಒದಗಿಸುವ ವ್ಯವಸ್ಥೆಯನ್ನೇ ಕಟ್ಟಿದ ದೊಡ್ಡ ಮನುಷ್ಯ ಅವರು. ಯುದ್ಧ ಬಂತು. ಯೂರೋಪ್, ಸಿಸ್ಸಲ್ ಇಬ್ಬರೂ ಫ್ರಾನ್ಸಿಗೆ ಹೋದರು, ಬ್ಲೇಕ್ ಉಳಿದು ವ್ಯವಹಾರ ನೋಡಿಕೊಂಡರು. ಬ್ಲೇಕ್‌ಗೆ ವಯಸ್ಸು ಮೀರಿತ್ತು ಅಂತ ಮುಂದೆ ಹೇಳಲಾಗುತ್ತಿತ್ತು. ಆದರೆ 1887ರ ಲೆಕ್ಕದಲ್ಲಿ 1917ಕ್ಕೆ ಅವರಿಗೆ ಬರೀ ಮೂವತ್ತು. ಒಂದು ಸುಳ್ಳು ತಾರೀಖು ಎಲ್ಲೆಲ್ಲಿ ಎಳೆದಾಡುತ್ತದೆ ನೋಡಿ.

ಯುದ್ಧದಿಂದ ಬದುಕಿ ಬಂದ ಯೂರೋಪ್ 1919ರ ಮೇ 9ರಂದು ಬಾಸ್ಟನ್‌ನಲ್ಲಿ, ಕಾರ್ಯಕ್ರಮದ ನಡುವೆ, ತಮ್ಮದೇ ತಂಡದ ಡ್ರಮ್ ವಾದಕನ ಚೂರಿಗೆ ಬಲಿಯಾದರು. ಸಿಸ್ಸಲ್ ಮತ್ತು ಬ್ಲೇಕ್ ಇಬ್ಬರೇ ವಾಡೆವಿಲ್ ರಂಗಕ್ಕೆ ಇಳಿದರು. ಹಾಡು, ಹಾಸ್ಯ, ಕುಣಿತ, ಜಾದೂ ಎಲ್ಲ ಒಂದರ ಹಿಂದೊಂದು ಬರುವ ಆಗಿನ ಮನರಂಜನೆ ಅದು. ಕಪ್ಪು ಕಲಾವಿದರು ಕೂಡ ಮುಖಕ್ಕೆ ಕಾರ್ಕಿನ ಮಸಿ ಬಳಿದುಕೊಂಡು ಪೆದ್ದುಪೆದ್ದಾಗಿ ಆಡಬೇಕು ಅನ್ನೋದು ರೂಢಿ. ಇವರಿಗೂ ಒಂದು ಸಲಹೆ ಬಂತು: ಕೂಲಿಗಳ ಬಟ್ಟೆ ಹಾಕಿಕೊಂಡು ಬನ್ನಿ, ವೇದಿಕೆ ಮೇಲೆ ಪಿಯಾನೋ ಕಂಡು ಇದೇನಪ್ಪಾ ಅಂತ ಬೆರಗಾದ ಹಾಗೆ ನಟಿಸಿ. ಅವರ ಏಜೆಂಟ್ ಒಪ್ಪಲಿಲ್ಲ. ಇಬ್ಬರೂ ಟಕ್ಸೀಡೋ ಸೂಟು ಹಾಕಿಕೊಂಡು, ಮಸಿ ಬಳಿಯದೆ ನಿಂತರು.

ಇನ್ನು 1921. 'ಷಫಲ್ ಅಲಾಂಗ್'.

ಫ್ಲರ್ನಾಯ್ ಮಿಲ್ಲರ್, ಆಬ್ರಿ ಲೈಲ್ಸ್ ಎಂಬ ಹಾಸ್ಯಜೋಡಿ ಇವರಿಗೆ ಫಿಲಡೆಲ್ಫಿಯಾದ ಒಂದು ಸಹಾಯಾರ್ಥ ಪ್ರದರ್ಶನದಲ್ಲಿ ಸಿಕ್ಕಿತ್ತು. ನಾಲ್ವರೂ ಸೇರಿ ನ್ಯೂಯಾರ್ಕಿನ ದೊಡ್ಡ ನಾಟಕರಂಗ ಬ್ರಾಡ್‌ವೇಗೆ ಒಂದು ಸಂಗೀತ ನಾಟಕ ಕಟ್ಟಲು ಹೊರಟರು. ಬರೆದವರು, ನುಡಿಸುವವರು, ನಟಿಸುವವರು ಎಲ್ಲ ಕಪ್ಪು ಜನ. ಹತ್ತು ವರ್ಷದ ಮೇಲಾಗಿತ್ತು ಬ್ರಾಡ್‌ವೇ ಅಂಥದ್ದನ್ನು ಕಂಡು. ದುಡ್ಡಿಲ್ಲ. ಸೋತು ಮುಚ್ಚಿದ ಬೇರೆ ನಾಟಕಗಳ ವೇಷಭೂಷಣ ಅಗ್ಗಕ್ಕೆ ತಂದರು, ಹಳೆ ಬೆವರಿನ ಕಲೆ ಸಮೇತ. ಅದರಲ್ಲಿ ಹತ್ತಿ ಬಿಡಿಸುವವರ ಬಟ್ಟೆ ಇತ್ತು, ಅದಕ್ಕೊಂದು ಹಾಡು ಬರೆದರು. ಪೂರ್ವದೇಶದ ವೇಷ ಇತ್ತು, ಅದಕ್ಕೂ ಒಂದು ಹಾಡು. ನಮ್ಮ ಕಂಪನಿ ನಾಟಕದವರು ಇದನ್ನು ಕೇಳಿದ್ದರೆ ನಗುತ್ತಿದ್ದರು. ಪರದೆ ನೋಡಿ ದೃಶ್ಯ ಬರೆಯುವುದು ಅವರಿಗೆ ಹೊಸದೇನಲ್ಲ.

ಊರೂರು ಅಲೆದು, ರೈಲಿನ ಟಿಕೆಟ್ಟಿಗೂ ಪರದಾಡಿ, ಸಾಲ ಹೊತ್ತುಕೊಂಡು ನ್ಯೂಯಾರ್ಕಿಗೆ ಬಂದರು. ಸಿಕ್ಕಿದ್ದು 63ನೇ ಬೀದಿಯ ಮ್ಯೂಸಿಕ್ ಹಾಲ್. ಬ್ರಾಡ್‌ವೇಯ ಗದ್ದಲದಿಂದ ದೂರ, ಭಾಷಣಕ್ಕೆ ಸರಿಹೋಗುವಂಥ ಜಾಗ. 1921ರ ಮೇ 23ಕ್ಕೆ ಮೊದಲ ಪ್ರದರ್ಶನ.

ಆ ರಾತ್ರಿ ಎಲ್ಲರ ಹೆದರಿಕೆ ಒಂದೇ ಹಾಡಿನ ಮೇಲೆ, 'ಲವ್ ವಿಲ್ ಫೈಂಡ್ ಎ ವೇ'. ಅದು ಪ್ರೇಮಗೀತೆ. ಕಪ್ಪು ಹುಡುಗ ಹುಡುಗಿ ಅಂದರೆ ತಮಾಷೆ ಮಾಡಬಹುದು, ಆದರೆ ನಿಜವಾಗಿ ಪ್ರೀತಿಸುವುದನ್ನು ವೇದಿಕೆ ಮೇಲೆ ತೋರಿಸಿದರೆ ಬಿಳಿ ಪ್ರೇಕ್ಷಕರು ಸಹಿಸುವುದಿಲ್ಲ ಅನ್ನೋ ಮಾತಿತ್ತು. ಗಲಾಟೆಯಾದರೆ ಓಡಲು ಸಿಸ್ಸಲ್, ಮಿಲ್ಲರ್, ಲೈಲ್ಸ್ ಮೂವರೂ ಹಿಂಬಾಗಿಲ ಹತ್ತಿರ ನಿಂತಿದ್ದರಂತೆ. ಬ್ಲೇಕ್ ಎಲ್ಲಿ ಓಡುತ್ತಾರೆ? ಅವರು ಮುಂದೆ, ವಾದ್ಯವೃಂದದ ನಡುವೆ, ಪಿಯಾನೋ ಮುಂದೆ. ಕೊಳೆತ ಟೊಮೇಟೊ ಬಂದರೆ ಮೊದಲು ಬೀಳುವುದು ಆ ಬೋಳು ತಲೆಗೆ ಅಂತ ಸಿಸ್ಸಲ್ ಆಮೇಲೆ ತಮಾಷೆ ಮಾಡುತ್ತಿದ್ದರು. ಟೊಮೇಟೊ ಬೀಳಲಿಲ್ಲ. ಚಪ್ಪಾಳೆ ಬಿತ್ತು, ಮತ್ತೊಮ್ಮೆ ಹಾಡಿ ಅಂತ ಕೂಗಿದರು.

ನಾಟಕ 504 ಪ್ರದರ್ಶನ ಕಂಡಿತು. ಗಾಡಿಗಳ ಒತ್ತಡಕ್ಕೆ 63ನೇ ಬೀದಿಯನ್ನು ಒಮ್ಮುಖ ಮಾಡಬೇಕಾಯಿತು. ಫ್ಲಾರೆನ್ಸ್ ಮಿಲ್ಸ್ ಇಲ್ಲಿಂದ ತಾರೆಯಾದರು. ಜೋಸೆಫೀನ್ ಬೇಕರ್ ಮೊದಲು ಬೇಡ ಅನ್ನಿಸಿಕೊಂಡು, ಆಮೇಲೆ ಹಿಂದಿನ ಸಾಲಿನ ಕುಣಿತಗಾತಿಯಾಗಿ ಸೇರಿ ಎಲ್ಲರ ಕಣ್ಣು ತನ್ನತ್ತ ಎಳೆದುಕೊಂಡರು. ಪಾಲ್ ರಾಬ್ಸನ್ ಕೆಲವು ದಿನ ಹಾಡಿದರು. ಮುಂದೆ ದೊಡ್ಡ ಸಂಯೋಜಕರಾದ ವಿಲಿಯಂ ಗ್ರಾಂಟ್ ಸ್ಟಿಲ್ ಕೆಳಗೆ ಓಬೋ ಊದುತ್ತಿದ್ದರು. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಇದನ್ನು ಎಷ್ಟು ಸಲ ನೋಡಿದರೋ. ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನಲ್ಲಿ ಕಪ್ಪು ಸಾಹಿತ್ಯ ಕಲೆಗಳ ಅರಳುವಿಕೆಗೆ ಮೊದಲ ತಳ್ಳು ಕೊಟ್ಟದ್ದು ಈ ನಾಟಕ ಅಂತ ಅವರು ಬರೆದುಕೊಂಡಿದ್ದಾರೆ. ಕಪ್ಪು ಪ್ರೇಕ್ಷಕರಿಗೆ ಬಾಲ್ಕನಿ ಮಾತ್ರವಲ್ಲ, ಕೆಳಗಿನ ಸೀಟುಗಳಲ್ಲೂ ಜಾಗ ಸಿಕ್ಕಿತು, ಹಿಂದಿನ ಸಾಲುಗಳಲ್ಲಾದರೂ.

ಎಲ್ಲ ಹೊಗಳಿಕೆಯೇ ಬೇಡ. ಮಿಲ್ಲರ್, ಲೈಲ್ಸ್ ಇಬ್ಬರೂ ಮುಖಕ್ಕೆ ಮಸಿ ಬಳಿದುಕೊಂಡೇ ನಗಿಸಿದರು. ಹಾಸ್ಯ ಹಳೆ ಹಳಸಲು ಚಾಳಿಯದು. ಇವತ್ತು ಆ ಸಂಭಾಷಣೆ ಓದಿದರೆ ಮುಜುಗರ ಆಗುತ್ತದೆ. ಇನ್ನೊಂದು ವಿಷಯ ಬ್ಲೇಕ್ ಹೇಳಿದ್ದು: ವಾದ್ಯವೃಂದದವರೆಲ್ಲ ಇಡೀ ನಾಟಕದ ಸಂಗೀತವನ್ನು ಬಾಯಿಪಾಠ ಮಾಡಿಕೊಂಡು, ಕಾಗದ ಇಲ್ಲದೆ ನುಡಿಸುತ್ತಿದ್ದರು. ಓದಲು ಬರುತ್ತಿರಲಿಲ್ಲ ಅಂತಲ್ಲ. ಚೆನ್ನಾಗಿ ಬರುತ್ತಿತ್ತು. ಕಪ್ಪು ಜನರಿಗೆ ಸಂಗೀತ ರಕ್ತದಲ್ಲೇ ಇದೆ, ಅವರು ಕಲಿಯುವವರಲ್ಲ ಅಂತ ನಂಬಿದ್ದ ಪ್ರೇಕ್ಷಕರಿಗೆ ಕಾಗದ ನೋಡಿ ನುಡಿಸುವುದು ಇಷ್ಟವಾಗುವುದಿಲ್ಲ ಅಂತ. ಕಲಿತದ್ದನ್ನು ಬಚ್ಚಿಡಲಿಕ್ಕೆ ದುಪ್ಪಟ್ಟು ಕಲಿಯಬೇಕಾದ ಪರಿಸ್ಥಿತಿ.

ಆ ನಾಟಕದ 'ಐಯಾಮ್ ಜಸ್ಟ್ ವೈಲ್ಡ್ ಅಬೌಟ್ ಹ್ಯಾರಿ' ಮೊದಲು ವಾಲ್ಟ್ಸ್ ಆಗಿತ್ತು, ಒಂದು ಎರಡು ಮೂರು ಅಂತ ಮೂರರ ನಡೆ. ನಮ್ಮ ನಾಟಕದಲ್ಲಿ ವಾಲ್ಟ್ಸ್ ಯಾರು ಕೇಳುತ್ತಾರೆ ಅಂತ ನಾಯಕಿ ಲಾಟಿ ಗೀ ಹಟ ಹಿಡಿದರು. ಬ್ಲೇಕ್‌ಗೆ ತಮ್ಮ ವಾಲ್ಟ್ಸ್ ಮೇಲೆ ಮಮತೆ, ಬೇಜಾರು ಮಾಡಿಕೊಂಡೇ ಎರಡರ ನಡೆಗೆ ತಿರುಗಿಸಿದರು. ಹಾಡು ಉಳಿಯಿತು. ನಾಟಕದಲ್ಲಿ ಹ್ಯಾರಿ ಅನ್ನುವವನು ಮೇಯರ್ ಚುನಾವಣೆಗೆ ನಿಂತ ಒಳ್ಳೆ ಹುಡುಗ. 1948ರಲ್ಲಿ ಹ್ಯಾರಿ ಟ್ರೂಮನ್ ಅಧ್ಯಕ್ಷ ಚುನಾವಣೆಯಲ್ಲಿ ಅದೇ ಹಾಡನ್ನು ಪ್ರಚಾರಕ್ಕೆ ಬಳಸಿ ಗೆದ್ದರು.

ಆಮೇಲಿನ ಇಳಿಜಾರನ್ನು ಬೇಗ ದಾಟುತ್ತೇನೆ. ಮಿಲ್ಲರ್ ಮತ್ತು ಲೈಲ್ಸ್ ಇವರಿಬ್ಬರಿಂದ ಬೇರೆಯಾಗಿ 1923ರಲ್ಲಿ ಬೇರೆ ನಾಟಕ ಮಾಡಿದರು. ಅದೇ ವರ್ಷ ಲೀ ಡಿ ಫಾರೆಸ್ಟ್ ತಮ್ಮ ಮಾತಾಡುವ ಚಿತ್ರದ ಪ್ರಯೋಗಕ್ಕೆ ಸಿಸ್ಸಲ್ ಮತ್ತು ಬ್ಲೇಕ್‌ರನ್ನು ಚಿತ್ರೀಕರಿಸಿದರು. ಟಾಕಿ ಬರುವುದಕ್ಕೆ ನಾಲ್ಕು ವರ್ಷ ಮೊದಲು. 1924ರ 'ಚಾಕೊಲೇಟ್ ಡ್ಯಾಂಡೀಸ್' ದುಬಾರಿಯಾಗಿ ಮುಗ್ಗರಿಸಿತು. ಸಿಸ್ಸಲ್‌ಗೆ ಯೂರೋಪ್ ಖಂಡದ ಮೇಲೆ ಮನಸ್ಸು, ಬ್ಲೇಕ್‌ಗೆ ಮನೆ ಮೇಲೆ. ಬೇರೆಯಾದರು. 1930ರಲ್ಲಿ ಆಂಡಿ ರಝಾಫ್ ಸಾಹಿತ್ಯಕ್ಕೆ 'ಮೆಮೊರೀಸ್ ಆಫ್ ಯೂ' ಬಂತು, ಬ್ಲೇಕ್ ಕೃತಿಗಳಲ್ಲಿ ನನಗೆ ಅತಿ ಇಷ್ಟದ್ದು. ಲೂಯಿ ಆರ್ಮ್‌ಸ್ಟ್ರಾಂಗ್ ಅದೇ ವರ್ಷ ರೆಕಾರ್ಡ್ ಮಾಡಿದರು. ಆದರೆ ಆರ್ಥಿಕ ಕುಸಿತದ ಕಾಲ, ನಾಟಕಗಳು ಹೆಚ್ಚು ದಿನ ಓಡಲಿಲ್ಲ. 1933ರಲ್ಲಿ 'ಷಫಲ್ ಅಲಾಂಗ್' ಅನ್ನು ಮತ್ತೆ ಎತ್ತಿದರು, ಬಿತ್ತು. 1938ರಲ್ಲಿ ಏವಿಸ್ ಕ್ಷಯದಿಂದ ತೀರಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಬ್ಲೇಕ್ ಸೈನಿಕರ ಮನರಂಜನಾ ತಂಡದ ಜೊತೆ ಶಿಬಿರದಿಂದ ಶಿಬಿರಕ್ಕೆ ಸುತ್ತಿದರು. 1945ರಲ್ಲಿ ಮೇರಿಯನ್ ಟೈಲರ್ ಅವರನ್ನು ಮದುವೆಯಾದರು. ವ್ಯವಹಾರ ಬಲ್ಲ ಹೆಂಗಸು. ಲೆಕ್ಕಪತ್ರ, ಕರಾರು ಎಲ್ಲ ಅವರ ಕೈಗೆ ಬಂತು. ಒಳ್ಳೆಯದಾಯಿತು.

ಹೊತ್ತಿಗೆ ಸರಿಯಾಗಿ ನಿವೃತ್ತಿ ತೆಗೆದುಕೊಂಡ ಮನುಷ್ಯ ಮಾಡಿದ ಕೆಲಸ ನೋಡಿ: ಅರವತ್ತರ ಹತ್ತಿರದ ವಯಸ್ಸಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಓದಿದ್ದು ಜೋಸೆಫ್ ಷಿಲ್ಲಿಂಗರ್ ಎಂಬವರು ಗಣಿತದ ಮೇಲೆ ಕಟ್ಟಿದ ಸಂಯೋಜನಾ ಪದ್ಧತಿ. ಹೆಸರಾಂತ ಸಂಯೋಜಕ ಗರ್ಷ್‌ವಿನ್ ಕೂಡ ಕಲಿತಿದ್ದು. 1950ರಲ್ಲಿ ಪಾಸಾದರು. ಮೊಮ್ಮಕ್ಕಳ ವಯಸ್ಸಿನವರ ಜೊತೆ ಬೆಂಚಿನ ಮೇಲೆ ಕೂತು, ಬ್ರಾಡ್‌ವೇಯಲ್ಲಿ 504 ರಾತ್ರಿ ನಡೆಸಿದ ಸಂಗೀತಗಾರ ನೋಟ್ಸ್ ಬರೆದುಕೊಳ್ಳುತ್ತಿದ್ದ ಚಿತ್ರ ನನ್ನ ತಲೆಯಿಂದ ಹೋಗುವುದಿಲ್ಲ. ಒಂದು ಕಾಲಕ್ಕೆ ಕಲಿತದ್ದನ್ನು ಬಚ್ಚಿಡಬೇಕಾಗಿತ್ತು, ಈಗ ಹಾಗಿಲ್ಲವಲ್ಲ.

1952ರಲ್ಲಿ ಮತ್ತೊಮ್ಮೆ 'ಷಫಲ್ ಅಲಾಂಗ್'. ನಾಲ್ಕೇ ಪ್ರದರ್ಶನಕ್ಕೆ ಮುಚ್ಚಿತು. ಇನ್ನು ಮುಗಿಯಿತು ಅಂತ ಯಾರಿಗಾದರೂ ಅನ್ನಿಸಬೇಕಾದ್ದೇ.

ಆದರೆ ಅಷ್ಟರಲ್ಲಿ ಬೇರೆಯದೊಂದು ಶುರುವಾಗಿತ್ತು. 1950ರಲ್ಲಿ ರ‍್ಯಾಗ್‌ಟೈಮ್ ಇತಿಹಾಸದ ಮೊದಲ ದೊಡ್ಡ ಪುಸ್ತಕ ಬಂತು, ಬರೆದವರು ಹಳಬರನ್ನು ಹುಡುಕಿಕೊಂಡು ಹೋದರು. ಯುವಕರು ಟೇಪ್ ರೆಕಾರ್ಡರ್ ಹಿಡಿದು ಬ್ರೂಕ್ಲಿನ್‌ನ ಮನೆ ಬಾಗಿಲು ತಟ್ಟತೊಡಗಿದರು. 1969ರಲ್ಲಿ ಕೊಲಂಬಿಯಾ ಕಂಪನಿಯ ಜಾನ್ ಹ್ಯಾಮಂಡ್ ಎರಡು ಎಲ್‌ಪಿಗಳ ಸೆಟ್ ತಂದರು: 'ದಿ ಎಯ್ಟಿ-ಸಿಕ್ಸ್ ಇಯರ್ಸ್ ಆಫ್ ಯೂಬಿ ಬ್ಲೇಕ್'. ಹೆಸರಿನಲ್ಲೇ 86 ವರ್ಷ. ನಿಜದಲ್ಲಿ 82. ಸುಳ್ಳು ಈಗ ರೆಕಾರ್ಡಿನ ರಟ್ಟಿನ ಮೇಲೆ ಅಚ್ಚಾಯಿತು, ವ್ಯಾಪಾರದ ಸರಕೂ ಆಯಿತು.

ಆ ಸೆಟ್ಟಿನಲ್ಲಿ 'ಚಾರ್ಲ್ಸ್‌ಟನ್ ರ‍್ಯಾಗ್' ಇದೆ, ಜೆಸ್ಸಿ ಪಿಕೆಟ್ ಕಲಿಸಿದ 'ದಿ ಡ್ರೀಮ್' ಕೂಡ ಇದೆ. ಸಾಕ್ಷಿಯನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. 1921ರ ಡಿಸ್ಕ್ ಮೊದಲು ಕೇಳಿ, ಆಮೇಲೆ 1969ರದ್ದು ಹಾಕಿ. ನಡುವೆ 48 ವರ್ಷ. ಎಡಗೈ ಅದೇ, ಮೆಟ್ಟಿಲಿಳಿಯುವ ಬಾಸ್ ಅದೇ. ಬಾಯಿ ಹೇಳಿದ ವರ್ಷ ತಪ್ಪಿರಬಹುದು, ಕೈ ಕಲಿತದ್ದನ್ನು ಬಿಟ್ಟಿಲ್ಲ. ಆದ್ದರಿಂದಲೇ ನಾನು 'ದಿ ಡ್ರೀಮ್' ಅನ್ನೂ ನಂಬುತ್ತೇನೆ. ತನ್ನದನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡ ಕೈ ಪಿಕೆಟ್‌ನದನ್ನೂ ಹೆಚ್ಚು ಕೆಡಿಸಿರಲಾರದು.

1970ರ ದಶಕದಲ್ಲಿ ರ‍್ಯಾಗ್‌ಟೈಮ್ ಅಮೆರಿಕದ ಮನೆಮನೆಗೆ ವಾಪಸ್ ಬಂತು. 1973ರ 'ದಿ ಸ್ಟಿಂಗ್' ಚಿತ್ರದಲ್ಲಿ ಜಾಪ್ಲಿನ್ ಸಂಗೀತ ಬಳಸಿದ್ದೇ ತಡ, ಹುಚ್ಚು ಹತ್ತಿತು. ಜಾಪ್ಲಿನ್ ಇಲ್ಲ, ಬ್ಲೇಕ್ ಇದ್ದರು. ಟಿವಿ ಮಾತುಕತೆ, ಉತ್ಸವ, ವಿದೇಶ ಪ್ರವಾಸ, 1972ರಲ್ಲಿ ಸ್ವಂತದ ರೆಕಾರ್ಡ್ ಕಂಪನಿ. 1978ರಲ್ಲಿ ಅವರ ಹಾಡುಗಳದ್ದೇ ಸಂಗೀತ ನಾಟಕ 'ಯೂಬಿ!' ಬ್ರಾಡ್‌ವೇಗೆ ಬಂದು 439 ಪ್ರದರ್ಶನ ಕಂಡಿತು. 1981ರಲ್ಲಿ ಅಧ್ಯಕ್ಷ ರೇಗನ್ ಕೈಯಿಂದ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಮ್. ಇಷ್ಟು ದಿನ ಬದುಕುತ್ತೇನೆ ಅಂತ ಗೊತ್ತಿದ್ದರೆ ಮೈಯನ್ನು ಇನ್ನೂ ಚೆನ್ನಾಗಿ ನೋಡಿಕೊಳ್ಳುತ್ತಿದ್ದೆ ಅನ್ನೋ ಚಟಾಕಿ ಅವರ ಹೆಸರಿಗೇ ಅಂಟಿಕೊಂಡಿದೆ. ಬೇರೆ ಮುದುಕರ ಹೆಸರಲ್ಲೂ ಅದು ಓಡಾಡುತ್ತದೆ, ಇರಲಿ. ಬಾಲ್ಯದಿಂದ ಸಿಗರೇಟು ಸೇದುತ್ತಿದ್ದ ಮನುಷ್ಯನ ಬಾಯಲ್ಲಿ ಒಪ್ಪುವ ಮಾತು.

ಹಾಗಾದರೆ ನಾಲ್ಕು ವರ್ಷ ಸೇರಿಸಿದ್ದು ಮೋಸವೇ? ನನಗೆ ಹಾಗನ್ನಿಸುವುದಿಲ್ಲ. ಗಮನಿಸಿ, ಪಾಸ್‌ಪೋರ್ಟ್ ಅರ್ಜಿ, ಸೇನಾ ನೋಂದಣಿ ಹೊತ್ತಿಗೆ, ಮೂವತ್ತರ ಆಸುಪಾಸಿನಲ್ಲಿ, 1887 ಅಂತ ಬರೆಸಿದವರು ಅವರೇ. 1883 ಮೇಲೆ ಬಂದದ್ದು ಆಮೇಲೆ, ಹಳಬ ಅನ್ನೋದಕ್ಕೇ ಬೆಲೆ ಬಂದಾಗ. ಯೌವನದಲ್ಲಿ ವಯಸ್ಸು ಕಡಿಮೆ ಹೇಳುವವರುಂಟು. ಇವರು ಮುಪ್ಪಿನಲ್ಲಿ ಜಾಸ್ತಿ ಹೇಳಿದರು. ಬಣ್ಣದ ಕಾರಣಕ್ಕೆ ಲೋಕ ಇವರಿಂದ ಕಿತ್ತುಕೊಂಡ ವರ್ಷಗಳ ಮುಂದೆ ಇದು ಬಹಳ ಸಣ್ಣ ಕಳವು. ಆದರೂ ಇತಿಹಾಸ ಬರೆಯುವವರು 1899 ಅನ್ನೋ ತಾರೀಖನ್ನು ಕಣ್ಣುಮುಚ್ಚಿ ನಕಲು ಮಾಡುವುದು ಬಿಡಬೇಕು.

ಬ್ರೂಕ್ಲಿನ್‌ನ ಸೈಪ್ರೆಸ್ ಹಿಲ್ಸ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಕಲ್ಲಿನ ಮೇಲೆ 'ಹ್ಯಾರಿ' ಹಾಡಿನ ಸ್ವರಲಿಪಿ ಕೆತ್ತಿದ್ದಾರೆ, ಕನ್ನಡಕ ಹಾಕಿದ ಅವರ ಮುಖದ ಕಂಚಿನ ಶಿಲ್ಪವೂ ಇದೆ. ಕಲ್ಲು ಮಾಡಿಸಿದವರು ವಂಶಾವಳಿ ಶೋಧಿಸುವ ಒಂದು ಸಂಘದವರು, ಹಾಗಾಗಿ ಹುಟ್ಟಿದ ವರ್ಷವನ್ನು ಮೊದಲು ಸರಿಯಾಗಿಯೇ ಕೆತ್ತಿಸಿದ್ದರು. ಬ್ಲೇಕ್‌ಗೆ ಹತ್ತಿರದವರು ಬಂದು, ಅವರು ಹೇಳಿದ್ದೇ ಇರಲಿ ಬಿಡಿ ಅಂತ ಪಟ್ಟು ಹಿಡಿದರು. ಕೈಯಿಂದ ದುಡ್ಡು ಕೊಟ್ಟು ಅಂಕಿಯನ್ನು ಬದಲಾಯಿಸಿದರು.